ಪಕ್ಕದಲ್ಲಿ ಕೂತವರು

2019ರ ಜುಲೈ ಕೊನೆಯ ವಾರ. ನೇತ್ರಾವತಿ ಕೆಂಪು ನೀರು ತುಂಬಿಕೊಂಡು ಹರಿಯುತ್ತಿತ್ತು. ಆಟಿ ತಿಂಗಳಲ್ಲಿ ಹೊಳೆ ನೋಡಿ ಬರುವುದು ನಮ್ಮ ನರಿಕೊಂಬಿನವರಿಗೆ ದಿನಚರಿ. ತೋಟಕ್ಕೆ ಹೋದವರು ನೀರು ಎಲ್ಲಿಯವರೆಗೆ ಬಂತು ಎಂದು ನೋಡಿಯೇ ಹಿಂದೆ ತಿರುಗುತ್ತಾರೆ, ಪಾಣೆಮಂಗಳೂರಿಗೆ ಹೋದವರು ಹಳೆಯ ಸೇತುವೆಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಾರೆ. ಆ ಮಂಗಳವಾರ ಬೆಳಿಗ್ಗೆ ಮಾತ್ರ ನೀರಿನ ಮಟ್ಟವನ್ನು ಯಾರೂ ವಿಚಾರಿಸಲಿಲ್ಲ. ಕಾಫಿ ಡೇಯ ವಿ. ಜಿ. ಸಿದ್ಧಾರ್ಥ ಹಿಂದಿನ ಸಂಜೆ ಉಳ್ಳಾಲದ ಹತ್ತಿರ ಇದೇ ಹೊಳೆಯ ಸೇತುವೆಯಲ್ಲಿ ಕಾರಿನಿಂದ ಇಳಿದವರು ಮತ್ತೆ ಕಾಣಿಸಿಲ್ಲ ಎಂಬ ಸುದ್ದಿ ಅಷ್ಟರಲ್ಲಿ ಎಲ್ಲ ಮನೆಗಳಿಗೂ ಮುಟ್ಟಿತ್ತು.

ಮೆಲ್ಕಾರಿನ ಹೋಟೆಲಿನಲ್ಲಿ ಕೂರಲು ಜಾಗವಿರಲಿಲ್ಲ. ಟಿವಿಯಲ್ಲಿ ದೋಣಿಗಳು ಹುಡುಕುವುದನ್ನು ತೋರಿಸುತ್ತಿದ್ದರು, ಇಲ್ಲಿ ಚಾ ಕುಡಿಯುತ್ತಿದ್ದವರು ತೀರ್ಪು ಹೇಳುತ್ತಿದ್ದರು. "ಹೊಳೆಯಲ್ಲಿ ಹುಡುಕಿ ಎಂತ ಸಿಗ್ತದೆ ಮಾರಾಯ್ರೆ, ಅವರು ಈಗ ದುಬೈಯಲ್ಲಿರ್ತಾರೆ" ಎಂದರೊಬ್ಬರು. ಇನ್ನೊಬ್ಬರು ವಿಜಯ ಮಲ್ಯರ ಹೆಸರು ತೆಗೆದರು. ಮಲ್ಯರ ಕುಟುಂಬದ ಮೂಲ ನಮ್ಮ ಬಂಟ್ವಾಳ ಪೇಟೆ. 2016ರ ಮಾರ್ಚಿನಲ್ಲಿ ಅವರು ದೇಶ ಬಿಟ್ಟ ಮೇಲೆ, ಸಾಲ ಮಾಡಿದ ಶ್ರೀಮಂತರ ಮಾತು ಬಂದಾಗಲೆಲ್ಲ ಇಲ್ಲಿಯವರಿಗೆ ಬೇರೆ ಉದಾಹರಣೆ ಬೇಕಾಗಲಿಲ್ಲ. "ಸಾಲ ಮಾಡುವಾಗ ಇರುವ ಧೈರ್ಯ ತೀರಿಸುವಾಗ ಎಲ್ಲಿ ಹೋಗ್ತದೆ?" ಎಂದು ಮೂರನೆಯವರು ಕೇಳಿದರು. ಕೇಳಿದ್ದು ಟಿವಿಯನ್ನು ನೋಡಿಕೊಂಡು.

ಬುಧವಾರ ಬೆಳಿಗ್ಗೆ ಹೊಯಿಗೆಬಜಾರಿನ ಕಡೆ ಮೀನುಗಾರರಿಗೆ ಸಿದ್ಧಾರ್ಥರ ಶವ ಸಿಕ್ಕಿತು. ಅವರು ತಮ್ಮ ಸಂಸ್ಥೆಯವರಿಗೆ ಬರೆದದ್ದೆಂದು ಹೇಳಲಾದ ಪತ್ರ ಅಷ್ಟರಲ್ಲಿ ಎಲ್ಲರ ಮೊಬೈಲಿಗೂ ಬಂದಾಗಿತ್ತು. ಅದೇ ಹೋಟೆಲು, ಹೆಚ್ಚುಕಡಿಮೆ ಅದೇ ಜನ. ಈಗ ಸಿದ್ಧಾರ್ಥ ದೇವರಂಥ ಮನುಷ್ಯ, ತಪ್ಪೆಲ್ಲ ತೆರಿಗೆಯವರದ್ದು, ಸಾಲ ಕೊಟ್ಟವರದ್ದು. ನಿನ್ನೆ ಓಡಿಹೋದವರು ಇವತ್ತು ಹುತಾತ್ಮರು. ಎರಡೂ ದಿನ ಮಾತಿನ ದನಿ ಒಂದೇ ಎತ್ತರದಲ್ಲಿತ್ತು.

ಆ ಎರಡು ದಿನವೂ ಗೋಡೆ ಬದಿಯ ಮೇಜಿನಲ್ಲಿ ನಮ್ಮ ಕಡೆಯ ಕೃಷಿಕರೊಬ್ಬರು ಕೂತಿದ್ದರು. ಹಿಂದಿನ ವರ್ಷ ಕೊಳೆರೋಗ ಬಂದು ಅವರ ತೋಟದ ಎಳೆ ಅಡಕೆಯೆಲ್ಲ ಬುಡಕ್ಕೆ ಉದುರಿತ್ತು. ತೆಗೆಸಿದ ಬೋರ್‌ವೆಲ್‌ನಲ್ಲಿ ನೀರು ಬಂದಿರಲಿಲ್ಲ. ಮಗಳ ನರ್ಸಿಂಗಿಗೆ ಸೊಸೈಟಿಯಿಂದ ತೆಗೆದ ಸಾಲದ ಕಂತು ಬಾಕಿ ಬಿದ್ದಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಬಹಳ ಸಮಯದ ನಂತರ, ಅವರೇ ಹೇಳಿದಾಗ. ಸೊಸೈಟಿಯ ಸೆಕ್ರೆಟರಿಯವರನ್ನು ಕಂಡು ವಾಯಿದೆ ಕೇಳಬೇಕೆಂದು ಆ ವಾರವೇ ಹೊರಟಿದ್ದರಂತೆ. ಹೋಟೆಲಿನ ಮಾತು ಕೇಳಿದ ಮೇಲೆ ಹೋಗಲಿಲ್ಲ. "ಅವರೆಲ್ಲ ಸಿದ್ಧಾರ್ಥರಿಗೆ ಹೇಳಿದ್ದು ಅಂತ ನನಗೆ ಅನಿಸಲೇ ಇಲ್ಲ. ನನ್ನ ವಿಷಯ ಗೊತ್ತಾದರೆ ಹೀಗೇ ಹೇಳ್ತಾರೆ ಅಂತ ಅನಿಸಿತು" ಎಂದರು. ವಾಯಿದೆ ಕೇಳಲು ತಡವಾಯಿತು, ಬಡ್ಡಿ ಬೆಳೆಯಿತು, ಕೊನೆಗೆ ತೋಟದ ಒಂದು ಭಾಗವನ್ನೇ ಮಾರಬೇಕಾಯಿತು. ಮೊದಲೇ ಕೇಳಿದ್ದರೆ ಸೊಸೈಟಿಯವರು ಒಪ್ಪುತ್ತಿದ್ದರು ಎಂದು ಈಗ ಅವರಿಗೇ ಗೊತ್ತು.

ಈ ಮಾತು ಕೇಳಿದಂದಿನಿಂದ ಒಂದು ವಿಚಾರ ನನ್ನನ್ನು ಬಿಟ್ಟಿಲ್ಲ. ನಾವು ದೊಡ್ಡವರ ಬಗ್ಗೆ ಆಡುವ ಮಾತು ಆ ದೊಡ್ಡವರಿಗೆ ಮುಟ್ಟುವುದೇ ಇಲ್ಲ. ಸಿನಿಮಾದವರು, ಕ್ರಿಕೆಟಿನವರು, ರಾಜಕೀಯದವರು, ಸಾವಿರ ಕೋಟಿ ಸಾಲ ಇರುವವರು ಯಾರೂ ಮೆಲ್ಕಾರಿನ ಹೋಟೆಲಿಗೆ ಬಂದು ಕೇಳಿಸಿಕೊಳ್ಳುವುದಿಲ್ಲ. ಕೇಳಿಸುವುದು ಪಕ್ಕದಲ್ಲಿ ಕೂತವರಿಗೆ. ಅವರಲ್ಲಿ ಒಬ್ಬರಿಗೆ ಸಾಲ ಇರುತ್ತದೆ, ಒಬ್ಬಳ ಮದುವೆ ಮುರಿದಿರುತ್ತದೆ, ಒಬ್ಬನ ಮೇಲೆ ಕೇಸು ನಡೆಯುತ್ತಿರುತ್ತದೆ. ತಮ್ಮ ಕಷ್ಟ ಹೊರಗೆ ಬಿದ್ದರೆ ಈ ಊರು ಏನು ಹೇಳುತ್ತದೆ ಎಂಬುದನ್ನು ಅವರು ನಮ್ಮ ಬಾಯಿಂದಲೇ, ಬೇರೆಯವರ ಹೆಸರಿನಲ್ಲಿ, ಮುಂಚಿತವಾಗಿ ಕೇಳಿಕೊಂಡಿರುತ್ತಾರೆ.

ಲೆಕ್ಕ ಕೇಳಬಾರದು ಎಂದು ನಾನು ಹೇಳುತ್ತಿಲ್ಲ. ಸಿದ್ಧಾರ್ಥರ ವ್ಯವಹಾರದ ಲೆಕ್ಕ ಕೇಳಲೇಬೇಕಿತ್ತು, ಕೇಳಿದ್ದೂ ಆಯಿತು. ಕಂಪನಿಯೇ ನೇಮಿಸಿದ ತನಿಖೆಯ ವರದಿ 2020ರ ಜುಲೈಯಲ್ಲಿ ಹೊರಬಂತು. ಸಿದ್ಧಾರ್ಥರ ಸ್ವಂತ ಸಂಸ್ಥೆಯೊಂದರಿಂದ ಕಾಫಿ ಡೇ ಸಮೂಹಕ್ಕೆ 2,693 ಕೋಟಿ ರೂಪಾಯಿ ಬರಬೇಕಾಗಿದೆ ಎಂದು ಅದರಲ್ಲಿತ್ತು. ಷೇರು ಕೊಂಡವರಿಗೆ, ಕೆಲಸಗಾರರಿಗೆ, ಸಾಲ ಕೊಟ್ಟ ಬ್ಯಾಂಕುಗಳಿಗೆ ಅದು ಗಂಭೀರ ವಿಷಯ. ಆದರೆ ಆ ವರದಿ ಬಂದ ದಿನ ನಮ್ಮ ಹೋಟೆಲಿನಲ್ಲಿ ಯಾರೂ ಅದರ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಕಂಪನಿಯ ಹೊಣೆ ಹೊತ್ತು ಸಾಲ ಇಳಿಸಲು ತೊಡಗಿದಾಗಲೂ ದೊಡ್ಡ ಮಾತುಕತೆ ನಡೆಯಲಿಲ್ಲ. ನಮಗೆ ಬೇಕಾಗಿದ್ದದ್ದು ಮನುಷ್ಯ, ಲೆಕ್ಕವಲ್ಲ. ಆ ಮನುಷ್ಯನ ಬಗ್ಗೆ ಮೂರು ದಿನ ಮಾತಾಡಿ ಮುಗಿಸಿದ್ದೆವು.

ಇದು ಟಿವಿ, ಮೊಬೈಲು ಬಂದ ಮೇಲಿನ ಕಾಯಿಲೆ ಎಂದು ಹಲವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ನಮ್ಮ ಸುತ್ತಿನಲ್ಲೇ ಹುಟ್ಟಿ ದೇಶಕ್ಕೆಲ್ಲ ಹೆಸರಾದವರೊಬ್ಬರ ವಿಷಯದಲ್ಲಿ ಊರು ಹೇಗೆ ಮಾತಾಡಿತೆಂಬುದನ್ನು ನಾನು ಚಿಕ್ಕವನಿದ್ದಾಗಲೇ ಕೇಳಿದ್ದೇನೆ. ಆಗ ನಮ್ಮ ಮನೆಯಲ್ಲಿ ಇದ್ದದ್ದು ಒಂದು ರೇಡಿಯೋ, ಒಂದು ಪೇಪರು.

ಬಿ. ವಿ. ಕಾರಂತರು ನಮ್ಮ ಬಂಟ್ವಾಳ ತಾಲೂಕಿನ ಮಂಚಿಯವರು. ಬಾಬುಕೋಡಿ ವೆಂಕಟರಮಣ ಕಾರಂತ, ಹುಟ್ಟಿದ್ದು 1929ರಲ್ಲಿ. ಹುಡುಗನಿದ್ದಾಗಲೇ ಮನೆ ಬಿಟ್ಟು ಹೋಗಿ ಗುಬ್ಬಿ ಕಂಪನಿ ಸೇರಿದರು. ಗುಬ್ಬಿ ವೀರಣ್ಣನವರೇ ಅವರನ್ನು ಓದಲಿಕ್ಕೆ ಕಾಶಿಗೆ ಕಳಿಸಿದರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ಅದಕ್ಕೂ ಮೊದಲು, 1972ರಲ್ಲಿ, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಅವರು ಆಡಿಸಿದ ನಾಟಕಗಳ ಮಾತನ್ನು ಹಿರಿಯರು ಈಗಲೂ ಆಡುತ್ತಾರೆ. 1975ರ 'ಚೋಮನ ದುಡಿ'ಗೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂದಾಗ ಈ ಭಾಗದವರಿಗೆಲ್ಲ ಅದು ಮನೆಯ ಹಬ್ಬ. ಕಾದಂಬರಿ ಬರೆದವರು ಒಬ್ಬ ಕಾರಂತರು, ಸಿನಿಮಾ ಮಾಡಿದವರು ಇನ್ನೊಬ್ಬ ಕಾರಂತರು, ಕಥೆಯಲ್ಲಿರುವ ಮಣ್ಣು ನಮ್ಮದು. 'ನಮ್ಮ ಮಂಚಿಯವರು' ಎಂದು ಹೇಳಿಕೊಳ್ಳದ ಮನೆ ಇರಲಿಲ್ಲ.

ಆಮೇಲೆ ಅವರು ಭೋಪಾಲಕ್ಕೆ ಹೋಗಿ ಭಾರತ ಭವನದ ರಂಗಮಂಡಲವನ್ನು ಕಟ್ಟಿದರು. 1986ರಲ್ಲಿ ಅಲ್ಲಿಯ ಅವರ ಮನೆಯಲ್ಲಿ ರಂಗಮಂಡಲದ ನಟಿ ವಿಭಾ ಮಿಶ್ರಾ ಬೆಂಕಿಯಿಂದ ತೀವ್ರವಾಗಿ ಸುಟ್ಟುಹೋದರು. ಕೊಲೆಯತ್ನದ ಆರೋಪ ಹೊರಿಸಿ ಪೊಲೀಸರು ಕಾರಂತರನ್ನು ಬಂಧಿಸಿದರು. ಆ ನಟಿ ಬದುಕಿ ಉಳಿದರು. ಮುಂದೆ ಕಾರಂತರು ಆರೋಪದಿಂದ ಬಿಡುಗಡೆಯಾದರು. ಇಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ದಿನ ಆ ಮನೆಯಲ್ಲಿ ಇಬ್ಬರ ಮನಸ್ಸಿನಲ್ಲಿ ಏನು ನಡೆದಿತ್ತೆಂದು ತಿಳಿದವರು ಮಂಚಿಯಲ್ಲೂ ಇರಲಿಲ್ಲ, ನರಿಕೊಂಬಿನಲ್ಲೂ ಇರಲಿಲ್ಲ.

ಆದರೂ ನಮ್ಮ ಜಗಲಿಯಲ್ಲಿ ತೀರ್ಪಿಗೆ ಕೊರತೆಯಾಗಲಿಲ್ಲ. 'ನಮ್ಮ ಮಂಚಿಯವರು' ಎನ್ನುತ್ತಿದ್ದವರೇ 'ಚಿಕ್ಕಂದಿನಲ್ಲೇ ಓಡಿಹೋದವರು, ನಮ್ಮೂರಿಗೂ ಅವರಿಗೂ ಎಂತ ಸಂಬಂಧ' ಎಂದರು. ನಾಟಕದವರ ಬಾಳೇ ಹೀಗೆ ಎಂದರು. ಕೆಲವರ ಮಾತು ಅವರ ಪತ್ನಿ ಪ್ರೇಮಾ ಕಾರಂತರ ಮೇಲೂ ಹೋಯಿತು. ಅವರು 'ಫಣಿಯಮ್ಮ' ಸಿನಿಮಾ ಮಾಡಿದವರು, ಬೆಂಗಳೂರಿನಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದವರು. ಹೆಂಡತಿ ಒಂದು ಊರಲ್ಲಿ, ಗಂಡ ಒಂದು ಊರಲ್ಲಿ ಇದ್ದರೆ ಇನ್ನೇನಾಗುತ್ತದೆ ಎಂದು ನಮ್ಮ ದೊಡ್ಡಪ್ಪ ಪೇಪರು ಮಡಚುತ್ತಾ ಹೇಳಿದ್ದು ನನಗೆ ಈಗಲೂ ನೆನಪಿದೆ. ಆಗ ನಮ್ಮ ಚಿಕ್ಕಮ್ಮ ಒಳಗಿನಿಂದ ಚಾ ತರುತ್ತಿದ್ದರು. ಅವರಿಗೆ ಬೆಳ್ತಂಗಡಿ ಕಡೆ ಟೀಚರ್ ಕೆಲಸ, ಚಿಕ್ಕಪ್ಪನಿಗೆ ಮುಂಬಯಿಯಲ್ಲಿ ಹೋಟೆಲಿನ ಕೆಲಸ. ಚಿಕ್ಕಮ್ಮ ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ನಮ್ಮಲ್ಲಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಆ ದಿನ ಚಾ ಇಟ್ಟು ಒಳಗೆ ಹೋದರು, ಅಷ್ಟೆ. ಆಮೇಲೆ ಅವರು ವಾರವಾರ ಬರುವುದು ಕಡಿಮೆಯಾಯಿತು. ದೊಡ್ಡಪ್ಪನಿಗೆ ತಾನು ಭೋಪಾಲದ ಸುದ್ದಿ ಮಾತಾಡಿದ್ದೆಂದೇ ನೆನಪು. ಮನೆಯೊಳಗಿನ ಹೆಂಗಸಿನ ಬಗ್ಗೆ ಒಂದು ಮಾತಾಡಿದ್ದೇನೆಂದು ಅವರಿಗೆ ಯಾರೂ ಹೇಳಲಿಲ್ಲ.

ಸುಟ್ಟುಕೊಂಡ ಆ ನಟಿ ಹೇಗಿದ್ದಾರೆ ಎಂದು ಆ ದಿನಗಳಲ್ಲಿ ಒಬ್ಬರಾದರೂ ಕೇಳಿದ್ದು ನನಗೆ ನೆನಪಿಲ್ಲ. ಕಾರಂತರನ್ನು ಬಯ್ದವರೂ ಕೇಳಲಿಲ್ಲ, ಅವರ ಪರ ನಿಂತವರೂ ಕೇಳಲಿಲ್ಲ. ಹೆಸರಾದವರು ಒಂದು ಪ್ರಕರಣದಲ್ಲಿ ಸಿಕ್ಕಿಕೊಂಡರೆ ನಮ್ಮ ಕಣ್ಣೆಲ್ಲ ಅವರ ಮೇಲೆ. ನೋವು ತಿಂದವರಿಗೆ ಹೆಸರಿಲ್ಲದಿದ್ದರೆ ಅವರು ಕಥೆಯಿಂದಲೇ ಹೊರಗೆ. 1989ರಲ್ಲಿ ಸರಕಾರ ಕಾರಂತರನ್ನು ಮೈಸೂರಿಗೆ ಕರೆಸಿ ರಂಗಾಯಣವನ್ನು ಅವರ ಕೈಗೆ ಕೊಟ್ಟಿತು. ಅವರು ಮತ್ತೆ ಕೆಲಸ ಮಾಡಿದರು, ಕಲಾವಿದರ ಒಂದು ತಲೆಮಾರನ್ನೇ ಬೆಳೆಸಿದರು. ಮಂಚಿಯವರು ಮತ್ತೆ 'ನಮ್ಮವರು' ಎಂದರು. 2002ರ ಸೆಪ್ಟೆಂಬರ್ 1ರಂದು ಅವರು ತೀರಿಕೊಂಡಾಗ ಊರೆಲ್ಲ ದುಃಖಪಟ್ಟಿತು. ಅವರು ಹೇಳುತ್ತಾ ಹೋದ ಆತ್ಮಕಥೆಯನ್ನು ವೈದೇಹಿಯವರು ಬರೆದುಕೊಂಡಿದ್ದಾರೆ, 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಎಂದು ಹೆಸರು. ಜಗಲಿಯಲ್ಲಿ ತೀರ್ಪು ಹೇಳಿದವರಲ್ಲಿ ಎಷ್ಟು ಮಂದಿ ಅದನ್ನು ಓದಿದರೋ.

ಮಂಚಿಯ ಆ ಸುತ್ತಿನಲ್ಲೇ, ಸಜೀಪಮೂಡದಲ್ಲಿ, ಪಣೋಲಿಬೈಲು ಇದೆ. ಕಲ್ಲುರ್ಟಿ ತಾಯಿಯ ಸಾನ್ನಿಧ್ಯ. ಅಗೇಲು ಸೇವೆಗೆ ದೂರದೂರದಿಂದ ಜನ ಬರುತ್ತಾರೆ. ಕಲ್ಲುರ್ಟಿಯ ಕಥೆ ತುಳುನಾಡಿನಲ್ಲಿ ಯಾರಿಗೆ ಗೊತ್ತಿಲ್ಲ! ಬೀರ ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ. ಇಂಥದ್ದನ್ನು ಇನ್ನೊಂದು ಕಡೆ ಕಡೆಯಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಕೈ, ಉಳಿದ ಕಾಲಿನಲ್ಲೇ ಅವನು ವೇಣೂರಿನ ಗೊಮ್ಮಟನನ್ನು ಕಡೆದ. ಚರಿತ್ರೆ ಪ್ರಕಾರ ಕಾರ್ಕಳದ್ದು ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ಈ ಕಥೆ ಹಾಡುವ ಪಾಡ್ದನಕ್ಕೆ ಆ ಲೆಕ್ಕ ಮುಖ್ಯವಲ್ಲ. ಅಣ್ಣನಿಗಾದ ಅನ್ಯಾಯಕ್ಕೆ ಅರಸನ ಬಳಿ ಲೆಕ್ಕ ಕೇಳಿದ ತಂಗಿಯೇ ಕಲ್ಲುರ್ಟಿ. ಹೆಸರು ಮಾಡಿದ್ದಕ್ಕಾಗಿಯೇ ಶಿಕ್ಷೆ ತಿಂದವನ ತಂಗಿಯ ಹತ್ತಿರ ನಮ್ಮವರು ನ್ಯಾಯ ಕೇಳಲು ಹೋಗುತ್ತಾರೆ ಎಂಬುದನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ.

ಕಳ್ಳತನ, ಮೋಸ, ಸುಳ್ಳು ಅಪವಾದ ಯಾವುದಿದ್ದರೂ ಕೊನೆಯ ಮಾತು 'ಕಲ್ಲುರ್ಟಿಗೆ ಹೇಳುತ್ತೇನೆ' ಎಂಬುದು. ಆ ಮಾತನ್ನು ನಮ್ಮಲ್ಲಿ ಸುಲಭಕ್ಕೆ ಯಾರೂ ಆಡುವುದಿಲ್ಲ. ಹೇಳಿದ ದೂರು ಸುಳ್ಳಾದರೆ ಅದು ತಿರುಗಿ ಹೇಳಿದವರ ಮನೆಗೇ ಬರುತ್ತದೆಂಬ ಭಯ. ನಮ್ಮ ಅಜ್ಜಿಯ ಕಾಲದಲ್ಲಿ ಕಿವಿಯ ಓಲೆ ಕಾಣೆಯಾದಾಗ ಕೆಲಸದವಳ ಮೇಲೆ ಅನುಮಾನ ಬಂತು. ಹರಕೆ ಹೇಳಲು ಹೊರಟ ಅಜ್ಜಿ ಮೂರು ದಿನ ಹಿಂದೆ ಮುಂದೆ ನೋಡಿದರಂತೆ. 'ನನ್ನ ಕಣ್ಣಾರೆ ನೋಡಿಲ್ಲವಲ್ಲ, ಮಕ್ಕಳೊಂದಿಗರು ನಾವು' ಎಂದು ಹೇಳಿ ಮನೆಯೊಳಗೇ ಇನ್ನೊಮ್ಮೆ ಹುಡುಕಿಸಿದರು. ದೂರು ಹೇಳುವವರೂ ತಮ್ಮದೊಂದನ್ನು ಪಣಕ್ಕಿಡಬೇಕಾಗಿದ್ದ ವ್ಯವಸ್ಥೆ ಅದು. ಇಂದು ನಾವು ಹೆಸರಾದವರ ಮೇಲೆ ಹೇಳುವ ದೂರಿಗೆ ನಮ್ಮ ಕಡೆಯಿಂದ ಏನನ್ನೂ ಇಡಬೇಕಾಗಿಲ್ಲ. ಸುಳ್ಳಾದರೆ ಮಾರನೆಯ ದಿನ ಬೇರೆ ಮಾತು.

ಆದರೆ ಆ ಹಳೆಯ ಭಯವನ್ನು ಪೂರ್ತಿ ಹೊಗಳಲು ನನಗೆ ಮನಸ್ಸಿಲ್ಲ. ಅದರಿಂದ ಎಷ್ಟೋ ನಿಜವಾದ ದೂರುಗಳೂ ಗಂಟಲಲ್ಲೇ ಉಳಿದಿವೆ. ಉಳ್ಳವರ ಮನೆಯಲ್ಲಿ ಅನ್ಯಾಯವಾದ ಹೆಣ್ಣುಮಗಳು ಬಾಯಿ ಬಿಡಲು ಹೆದರಿದರೆ ಅದಕ್ಕೆ ದೈವದ ಮೇಲಿನ ಭಕ್ತಿಯೊಂದೇ ಕಾರಣವಲ್ಲ. ಊರು ತನ್ನನ್ನೇ ಕೇಳುತ್ತದೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. 2018ರ ಅಕ್ಟೋಬರಿನಲ್ಲಿ ಕನ್ನಡದ ನಟಿಯೊಬ್ಬರು ಹಿರಿಯ ನಟರೊಬ್ಬರ ಮೇಲೆ ದೂರು ಹೇಳಿದಾಗ ನಮ್ಮ ಕಡೆಯೂ ಪ್ರಶ್ನೆಗಳೆಲ್ಲ ಹೋದದ್ದು ಆಕೆಯ ಕಡೆಗೇ. ಇಷ್ಟು ದಿನ ಯಾಕೆ ಸುಮ್ಮನಿದ್ದರು, ಈಗ ಯಾಕೆ ಹೇಳಿದರು, ಯಾರು ಹೇಳಿಸಿದರು. ದೂರು ನಿಜವೋ ಅಲ್ಲವೋ ತೀರ್ಮಾನಿಸುವ ಶಕ್ತಿ ನಮಗಿರಲಿಲ್ಲ. ಆದರೆ ನಮ್ಮ ಊರಿನ ಹುಡುಗಿಯರು ಆ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡರು. ಮಂಗಳೂರಿನ ಅಂಗಡಿ, ಆಫೀಸು, ಆಸ್ಪತ್ರೆಗಳಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯರು ಅವರು. ನಾಳೆ ತಮಗೇನಾದರೂ ಆದರೆ ಮನೆಯಲ್ಲಿ ಹೇಳಬೇಕೋ ಬೇಡವೋ ಎಂಬುದನ್ನು ಅವರು ಅಂದೇ ಮನಸ್ಸಿನಲ್ಲಿ ಇಟ್ಟುಕೊಂಡಿರಬಹುದು.

ಎರಡು ಕಡೆಯ ಮಾತನ್ನೂ ಕೇಳುವ ಅಭ್ಯಾಸ ನಮಗೆ ಹೊಸದೇನಲ್ಲ. ತಾಳಮದ್ದಳೆಯನ್ನು ರಾತ್ರಿಯಿಡೀ ಕೂತು ಕೇಳುವ ಜನ ನಾವು. ವಾಲಿ ವಧೆಯ ಪ್ರಸಂಗದಲ್ಲಿ ರಾಮನಿಗಿಂತ ದೊಡ್ಡ ಹೆಸರು ಯಾವುದು? ಆ ರಾಮನನ್ನೇ ಎದುರು ನಿಲ್ಲಿಸಿಕೊಂಡು ಮರೆಯಿಂದ ಯಾಕೆ ಬಾಣ ಬಿಟ್ಟೆ ಎಂದು ವಾಲಿ ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ಸಭೆಯಲ್ಲಿದ್ದ ರಾಮಭಕ್ತರೂ ಒಂದು ಗಳಿಗೆ ವಾಲಿಯ ಕಡೆ ವಾಲುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಆದರೆ ವಾಲಿ ಎಷ್ಟು ಬೇಕಾದರೂ ಕೇಳಲಿ, ರಾಮ ಉತ್ತರ ಹೇಳುವವರೆಗೆ ಭಾಗವತರು ಮಂಗಳ ಹಾಡುವುದಿಲ್ಲ. ಕೇಳುವವರು ಏಳುವುದೂ ಇಲ್ಲ. ಸಭೆಯಲ್ಲಿ ಇಷ್ಟು ತಾಳ್ಮೆ ಇರುವವರು ಹೋಟೆಲಿನಲ್ಲಿ ಒಂದು ಚಾ ಮುಗಿಯುವುದರೊಳಗೆ ಹೇಗೆ ತೀರ್ಪು ಕೊಡುತ್ತಾರೆ ಎಂಬುದು ನನಗೆ ಬಗೆಹರಿಯದ ಪ್ರಶ್ನೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಇಡೀ ರಾಜ್ಯ ಅತ್ತಿತು, ನಾವೂ ಅತ್ತೆವು. ಆ ಅಳು ಕೆಲವೇ ದಿನಗಳಲ್ಲಿ ಸಿಟ್ಟಾಗಿ, ಅವರನ್ನು ಮೊದಲು ಪರೀಕ್ಷಿಸಿದ ಕುಟುಂಬ ವೈದ್ಯರ ಮೇಲೆ ತಿರುಗಿತು. ಡಾ. ರಮಣ ರಾವ್ ಅವರ ಮನೆಗೂ ಕ್ಲಿನಿಕ್ಕಿಗೂ ಪೊಲೀಸರು ಕಾವಲು ಹಾಕಬೇಕಾಯಿತು. ನೆಲಮಂಗಲದಾಚೆಯ ಟಿ. ಬೇಗೂರಿನಲ್ಲಿ ದಶಕಗಳಿಂದ ಭಾನುವಾರ ಭಾನುವಾರ ಹಳ್ಳಿಯವರಿಗೆ ಹಣ ತೆಗೆದುಕೊಳ್ಳದೆ ಮದ್ದು ಕೊಡುತ್ತಾ ಬಂದವರು ಅವರು. ನಮ್ಮಲ್ಲಿಯೂ ಯಾರಿಗೋ ಎದೆನೋವು ಬಂದಾಗ ಮೊದಲು ಓಡುವುದು ಹತ್ತಿರದ ಕ್ಲಿನಿಕ್ಕಿನ ಡಾಕ್ಟರರ ಬಳಿಗೇ. ಆ ಡಾಕ್ಟರರಿಗೂ ಟಿವಿ ಇದೆ, ಅವರೂ ಅದನ್ನೆಲ್ಲ ನೋಡಿದ್ದಾರೆ. ನಾಳೆ ಕಷ್ಟದ ರೋಗಿ ಬಂದರೆ ಕೈಯಿಂದ ಮುಟ್ಟುವುದಕ್ಕೂ ಹೆದರಿ ನೇರ ಮಂಗಳೂರಿಗೆ ಹೋಗಿ ಎಂದರೆ, ಆ ಹೆದರಿಕೆಯಲ್ಲಿ ನಮ್ಮ ಪಾಲೂ ಇದೆ.

ನಮ್ಮ ಓಣಿಯ ಮನೆಗಳಲ್ಲಿ ಮಧ್ಯಾಹ್ನ ಊಟವಾದ ಮೇಲೆ ಹೆಂಗಸರು ಒಂದು ಜಗಲಿಯಲ್ಲಿ ಸೇರಿ ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ತಡ್ಪೆ, ಕೈಯಲ್ಲಿ ಎಲೆ, ಬಾಯಲ್ಲಿ ಊರಿನದೂ ಸಿನಿಮಾದ್ದೂ ಸುದ್ದಿ. ಸಂಜೆ ಬ್ರಾಂಚಿಗೆ ಕೊಡುವಷ್ಟು ಬೀಡಿ ಆಗಬೇಕಾದರೆ ಬೇಸರ ಕಳೆಯಲು ಮಾತು ಬೇಕು, ಅದನ್ನು ನಾನು ತಪ್ಪೆನ್ನಲಾರೆ. 2024ರ ಜೂನ್‌ನಲ್ಲಿ ಗಾಯಕ ಚಂದನ್ ಶೆಟ್ಟಿ, ನಟಿ ನಿವೇದಿತಾ ಗೌಡ ಪರಸ್ಪರ ಒಪ್ಪಿ ವಿಚ್ಛೇದನ ಪಡೆದರು. ಅಪಪ್ರಚಾರ ಬೇಡವೆಂದು ಇಬ್ಬರೂ ಒಟ್ಟಿಗೆ ಪತ್ರಿಕೆಯವರ ಮುಂದೆ ಬಂದು ಕೂತು ಹೇಳಿಕೊಂಡರು. ಅಷ್ಟು ಹೇಳಿದರೂ ಜಗಲಿಯಲ್ಲಿ ವಿಚಾರಣೆ ನಿಲ್ಲಲಿಲ್ಲ. ಅವಳ ಬಟ್ಟೆ, ಅವಳ ವಿಡಿಯೋ, ಅವಳ ತಾಯಿ ಬೆಳೆಸಿದ ರೀತಿ. ಆ ಗುಂಪಿನಲ್ಲಿ ಗಂಡನ ಮನೆ ಬಿಟ್ಟು ತವರಿಗೆ ಬಂದು ವರ್ಷವಾಗಿದ್ದ ಒಬ್ಬಳು ಇದ್ದಳು. ಅವಳ ಕೈ ಎಲ್ಲರಿಗಿಂತ ವೇಗ. ಅವತ್ತು ಅವಳು ಎಲೆ ಕತ್ತರಿಸುತ್ತಲೇ ಇದ್ದಳು, ಕಟ್ಟಲಿಲ್ಲ. ಹಿರಿಯ ಬೀಡಿ ಕಟ್ಟುವ ಅಕ್ಕ ಒಬ್ಬರು ಅದನ್ನು ನೋಡಿದರು. ನೋಡಿ, "ಅವರಿಬ್ಬರೂ ಸುಖವಾಗಿರಲಿ ಮಾರಾಯ್ತಿ, ಕೂಡಿ ಬಾಳ್ಲಿಕ್ಕೆ ಆಗದಿದ್ದರೆ ಬಿಟ್ಟು ಬಾಳುವುದೇ ಒಳ್ಳೇದಲ್ವಾ. ನಮ್ಮಲ್ಲೂ ಬಂದವರು ಇದ್ದಾರೆ, ಚಂದ ಮಾಡಿ ಬದುಕ್ತಾರೆ" ಎಂದರು. ಅವರು ಶಾಲೆಗೆ ಹೋದದ್ದು ಕಡಿಮೆ. ಆ ಮಾತು ಬೆಂಗಳೂರಿಗೆ ಹೇಳಿದ್ದಲ್ಲ ಎಂದು ಜಗಲಿಯಲ್ಲಿದ್ದ ಎಲ್ಲರಿಗೂ ತಿಳಿಯಿತು.

ಹೆಸರಾದವರ ಬಗ್ಗೆ ಹೀಗೆಯೂ ಮಾತಾಡಬಹುದು. ಪಕ್ಕದವರಿಗೆ ಧೈರ್ಯ ಬರುವ ಹಾಗೆ.

ನನ್ನ ಅಕ್ಕನ ಮಗ ಈ ಮಾತನ್ನು ಒಪ್ಪುವುದಿಲ್ಲ. ಬಿ.ಸಿ. ರೋಡಿನಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ನಟ ದರ್ಶನ್ ಅಭಿಮಾನಿ. 2024ರ ಜೂನ್ 11ರಂದು ದರ್ಶನ್ ಬಂಧನವಾದಾಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಚಿತ್ರದುರ್ಗದ ರೇಣುಕಾಸ್ವಾಮಿಯ ಶವ ಬೆಂಗಳೂರಿನಲ್ಲಿ ಸಿಕ್ಕಿದ ಪ್ರಕರಣ ಅದು. ಡಿಸೆಂಬರಿನಲ್ಲಿ ಹೈಕೋರ್ಟು ಜಾಮೀನು ಕೊಟ್ಟಾಗ ಸ್ವೀಟ್ ಹಂಚಿದ. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಆ ಜಾಮೀನನ್ನು ರದ್ದು ಮಾಡಿದ ಸಂಜೆ ನಮ್ಮ ಮನೆಗೆ ಬಂದಿದ್ದ.

"ಮಾವ, ನೀವೇ ಹೇಳ್ತೀರಿ ತೀರ್ಪು ಹೇಳಬಾರದು ಅಂತ. ಮತ್ತೆ ಇವರೆಲ್ಲ ನಮ್ಮ ಬಾಸಿಗೆ ಕೊಲೆಗಾರ ಅಂತ ಹೇಳ್ತಾರಲ್ಲ?"

"ಅದನ್ನು ಕೋರ್ಟು ಹೇಳಬೇಕು, ಸರಿ. ಆದರೆ ಅವರು ತಪ್ಪೇ ಮಾಡಿಲ್ಲ ಅಂತ ನೀನು ಹೇಳ್ತೀಯಲ್ಲ, ಅದೂ ತೀರ್ಪೇ" ಎಂದೆ.

ಅವನು ಸುಮ್ಮನಾಗಲಿಲ್ಲ. ಸತ್ತವನು ನಟಿಯೊಬ್ಬರಿಗೆ ಅಶ್ಲೀಲ ಮೆಸೇಜು ಕಳಿಸಿದ್ದನಂತಲ್ಲ, ಅದು ಸರಿಯಾ ಎಂದು ಕೇಳಿದ. ಸರಿಯಲ್ಲ ಎಂದೆ. ಸರಿಯಲ್ಲದ್ದಕ್ಕೆ ಪೊಲೀಸ್ ಠಾಣೆ ಇದೆ. ಮತ್ತೆ ಅದೇ ವರ್ಷದ ಜುಲೈಯಲ್ಲಿ ನಟಿ ರಮ್ಯಾ ಆ ಸತ್ತವನ ಮನೆಯವರಿಗೆ ನ್ಯಾಯ ಸಿಗಲಿ ಎಂಬಂಥ ಒಂದು ಮಾತು ಹೇಳಿದ್ದಕ್ಕೆ ಅವರಿಗೆ ಅಂಥದ್ದೇ ಹೊಲಸು ಮೆಸೇಜುಗಳು ಬಂದವಲ್ಲ, ಅದನ್ನು ಕಳಿಸಿದವರು ಯಾರ ಅಭಿಮಾನಿಗಳು ಎಂದು ಹೇಳಿಕೊಂಡರು? ಅವರು ಪೊಲೀಸ್ ಕಮಿಷನರಿಗೆ ದೂರು ಕೊಟ್ಟು ಕೆಲವರ ಬಂಧನವೂ ಆಯಿತು. ಆ ಹುಡುಗರು ನಿನ್ನ ಪ್ರಾಯದವರೇ. ಒಬ್ಬೊಬ್ಬರಿಗೂ ಮನೆಯಲ್ಲಿ ತಾಯಿ ಇದ್ದಾರೆ. ಇದನ್ನೆಲ್ಲ ನಾನು ಸ್ವಲ್ಪ ಜೋರಾಗಿಯೇ ಹೇಳಿದೆ.

ಅವನ ತಂಗಿ ಬಿ.ಎಡ್. ಓದುತ್ತಿದ್ದಾಳೆ. ಅವಳು ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಕೇಳುತ್ತಿದ್ದಳು. ನಾನು 2011ರ ವಿಷಯ ಹೇಳಿದೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಹೆಂಡತಿ ಕೊಟ್ಟ ದೂರಿನ ಮೇಲೆ ದರ್ಶನ್ ಬಂಧನವಾಗಿತ್ತು. ಆಗ ಚಿತ್ರ ನಿರ್ಮಾಪಕರ ಸಂಘದವರು ಶಿಕ್ಷೆ ಕೊಟ್ಟದ್ದು ಯಾರಿಗೆ? ಆ ಜಗಳದಲ್ಲಿ ಹೆಸರು ಕೇಳಿಬಂದ ನಟಿ ನಿಕಿತಾ ಅವರಿಗೆ. ಮೂರು ವರ್ಷ ಕನ್ನಡ ಸಿನಿಮಾದಲ್ಲಿ ನಟಿಸಬಾರದು ಎಂದು ನಿಷೇಧ. ಎಲ್ಲೆಡೆ ವಿರೋಧ ಬಂದ ಮೇಲೆ ಹಿಂದೆಗೆದುಕೊಂಡರು. ಅದೇ ತಿಂಗಳ ಕೊನೆಗೆ ದರ್ಶನ್ ಜೈಲಿನಲ್ಲಿರುವಾಗಲೇ 'ಸಾರಥಿ' ಬಿಡುಗಡೆಯಾಗಿ ಜನ ಮುಗಿಬಿದ್ದು ನೋಡಿದರು.

"ಆ ನಿಕಿತಾ ಅವರನ್ನು ಒಂದು ಮಾತು ಕೇಳಿದ್ರಾ, ನಿಷೇಧ ಮಾಡುವ ಮೊದಲು?" ಎಂದು ಅವಳು ಕೇಳಿದಳು. ಕೇಳಿದ್ದು ನನ್ನನ್ನಲ್ಲ, ಅಣ್ಣನನ್ನು. ಅವನು ಮೊಬೈಲು ನೋಡುತ್ತಾ, ಅದೆಲ್ಲ ಹಳೇ ಕಥೆ ಎಂದ. ಚಿತ್ರದುರ್ಗದಲ್ಲಿ ಆ ರೇಣುಕಾಸ್ವಾಮಿಯ ತಂದೆತಾಯಿ, ಆಗ ಗರ್ಭಿಣಿಯಾಗಿದ್ದ ಹೆಂಡತಿ, ಅವರು ಹೇಗಿದ್ದಾರಂತೆ ಎಂದು ಅವಳು ಮತ್ತೆ ಕೇಳಿದಳು. ಅದು ಅವನಿಗೆ ಗೊತ್ತಿರಲಿಲ್ಲ. ದರ್ಶನ್ ಜೈಲಿನಲ್ಲಿ ಬೆನ್ನುನೋವಿಗೆ ಏನು ಮಾಡುತ್ತಾರೆ ಎಂಬುದು ಗೊತ್ತಿತ್ತು.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ, "ನೀವು ಎಂತ ಬೇಕಾದರೂ ಹೇಳಿ ಮಾವ, ಬಾಸಿನ ಪಿಚ್ಚರ್ ಬಂದರೆ ನಾನು ಫಸ್ಟ್ ಶೋಗೆ ಹೋಗುವವನೇ."

"ಹೋಗು, ಯಾರು ಬೇಡ ಅಂದರು? ಆ ಸತ್ತವನ ಬಗ್ಗೆ ತಮಾಷೆ ಮಾಡಿದ್ದನ್ನು ಯಾರಾದರೂ ಕಳಿಸಿದರೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಬೇಡ. ನಿನ್ನ ತಂಗಿಯೂ ಅದರಲ್ಲಿ ಇದ್ದಾಳೆ" ಎಂದೆ.